ಅಪ್ಪನ ಹಿಮ್ಮಡಿಯ ಮೆಲನೋಮಾ: ಇಮ್ಯುನಿಟಿ ಚೆನ್ನಾಗಿದ್ದೂ ಅದು ಹೇಗೆ ತಪ್ಪಿಸಿಕೊಂಡಿತು?

ತೆಂಗಿನಗರಿ · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮದು ತಿಪಟೂರು ಕಡೆ. ಅಪ್ಪನಿಗೆ 63. ಹೋದ ವರ್ಷ ಬಲಗಾಲಿನ ಹಿಮ್ಮಡಿಯಲ್ಲಿ ಹುಣಸೆ ಬೀಜದಷ್ಟು ಕಪ್ಪು ಕಲೆ ಕಾಣಿಸಿತ್ತು. ತೋಟದಲ್ಲಿ ಬರಿಗಾಲಲ್ಲಿ ಓಡಾಡೋರು, ಆಣಿ ಇರಬೇಕು ಅಂದುಕೊಂಡರು. ಬ್ಲೇಡಿನಲ್ಲಿ ತಾವೇ ಕೆತ್ತಿಕೊಂಡರು. ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ ಅಲ್ಲೂ ಆಣಿಗೆ ಹಚ್ಚೋ ಪಟ್ಟಿ ಕೊಟ್ಟು ಕಳಿಸಿದರು. ವರ್ಷ ಕಳೆಯೋ ಹೊತ್ತಿಗೆ ಕಲೆ ಹರಡಿ, ಒಡೆದು, ನೀರು ಸೋರೋಕೆ ಶುರುವಾಯಿತು. ತೊಡೆಸಂದಿಯಲ್ಲಿ ನಿಂಬೆಕಾಯಿಯಷ್ಟು ಗಂಟು. ಬೆಂಗಳೂರಿನಲ್ಲಿ ಬಯಾಪ್ಸಿ ಆಯಿತು: ಮೆಲನೋಮಾ, ಒಂದು ಥರದ ಚರ್ಮದ ಕ್ಯಾನ್ಸರ್. ಹಿಮ್ಮಡಿ, ಗಂಟು ಎರಡಕ್ಕೂ ಆಪರೇಷನ್ ಆಗಿದೆ. ಶ್ವಾಸಕೋಶದಲ್ಲಿ ಎರಡು ಚುಕ್ಕೆ ಇವೆಯಂತೆ. ಈಗ ಇಮ್ಯುನೋಥೆರಪಿ ಶುರು ಮಾಡ್ತಾರೆ.

ಡಾಕ್ಟರು "ಈ ಔಷಧಿ ಕ್ಯಾನ್ಸರನ್ನು ಕೊಲ್ಲಲ್ಲ, ನಿಮ್ಮ ದೇಹವೇ ಕೊಲ್ಲೋ ಹಾಗೆ ಮಾಡುತ್ತೆ" ಅಂದರು. ಅಪ್ಪ ಆಗ ಸುಮ್ಮನಿದ್ದರು. ಮನೆಗೆ ಬಂದ ಮೇಲೆ ನನ್ನನ್ನು ಕೇಳಿದರು: "ನಂಗೆ ಜ್ವರ ಬಂದು ಮಲಗಿದ್ದು ನೀನು ಯಾವತ್ತಾದ್ರೂ ನೋಡಿದೀಯೇನವ್ವ? ನನ್ನ ಮೈಗೆ ಅಷ್ಟು ಶಕ್ತಿ ಇದ್ದ ಮೇಲೆ ಇದನ್ನ ಮೊದಲೇ ಯಾಕೆ ಕೊಲ್ಲಲಿಲ್ಲ?"

ಉತ್ತರ ಕೊಡೋಕಾಗಲಿಲ್ಲ. ನಾನು ಓದಿದ್ದು ಬಿ.ಕಾಂ. ಗೊತ್ತಿರೋರು ನಾನು ಅಪ್ಪನಿಗೆ ಹೇಳೋಕಾಗೋ ರೀತಿಯಲ್ಲಿ ತಿಳಿಸ್ತೀರಾ?

ಮಲೆನಾಡ ಮಳೆ · ಸೋಮವಾರ ರಾತ್ರಿ 11:15

ಅಕ್ಕ, ಓದಿ ಬೇಜಾರಾಯ್ತು. ಅಪ್ಪ ಹುಷಾರಾಗಲಿ. ನಮ್ಮ ಚಿಕ್ಕಪ್ಪನಿಗೆ ಬೇರೆ ಕ್ಯಾನ್ಸರ್ ಆದಾಗ ಅಮೃತಬಳ್ಳಿ ಕಷಾಯ ಕೊಡ್ತಿದ್ವಿ, ಇಮ್ಯುನಿಟಿ ಹೆಚ್ಚುತ್ತೆ ಅಂತ. ಇಮ್ಯುನಿಟಿ ಕಮ್ಮಿ ಆಗಿದ್ದಕ್ಕೇ ಕ್ಯಾನ್ಸರ್ ಬರೋದು ಅಲ್ವಾ? ಹಾಗಾದ್ರೆ ಅದನ್ನು ಹೆಚ್ಚಿಸಿದ್ರೆ ಸಾಕಲ್ಲ?

ಕೋಶಕುತೂಹಲಿ · ಮಂಗಳವಾರ ನಸುಕು 2:08

ತೆಂಗಿನಗರಿ ಅವರೇ, ನಾನು ದಾವಣಗೆರೆಯವನು. ಈಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಟಿ ಕೋಶಗಳು, ಅಂದರೆ ಕೆಟ್ಟ ಕೋಶಗಳನ್ನು ಹುಡುಕಿ ಕೊಲ್ಲೋ ಬಿಳಿ ರಕ್ತಕಣಗಳ ಮೇಲೆ ಕೆಲಸ ಮಾಡ್ತಿದ್ದೀನಿ. ನಾನು ವೈದ್ಯನಲ್ಲ, ಚಿಕಿತ್ಸೆಯ ಬಗ್ಗೆ ಏನೂ ಹೇಳಲ್ಲ. ಆದರೆ ನಿಮ್ಮ ಅಪ್ಪ ಕೇಳಿದ ಪ್ರಶ್ನೆಯ ಮೇಲೇ ನಮ್ಮ ಇಡೀ ವಿಭಾಗ ನಿಂತಿದೆ.

ಅಪ್ಪನಿಗೆ ಮೊದಲು ಇದನ್ನು ಹೇಳಿ: ಅವರ ಮೈ ಸುಮ್ಮನೆ ಕೂತಿರಲಿಲ್ಲ. ಕೊಂದಿದೆ. ಬಹುಶಃ ಸಾವಿರಾರು ಕ್ಯಾನ್ಸರ್ ಕೋಶಗಳನ್ನು ಕೊಂದಿದೆ. ಈಗ ಉಳಿದಿರೋದು ಆ ಕೊಲ್ಲುವಿಕೆಯಿಂದ ತಪ್ಪಿಸಿಕೊಂಡವು.

ಕಳೆ ಕೀಳೋದು ಅವರಿಗೆ ಗೊತ್ತೇ ಇರುತ್ತೆ. ರಾಗಿ ಹೊಲದಲ್ಲಿ ಎಳೇ ಪೈರಿನ ಹಾಗೇ ಕಾಣೋ ಒಂದು ಹುಲ್ಲು ಬರುತ್ತಲ್ಲ, ತೆನೆ ಬಿಡೋವರೆಗೂ ಗುರುತು ಸಿಗಲ್ಲ. ಬೇರೆ ಥರ ಕಾಣೋ ಕಳೆಯನ್ನೆಲ್ಲ ಕಿತ್ತು ಹಾಕ್ತೀವಿ, ಪೈರಿನ ಹಾಗೆ ಕಾಣೋದು ಕೈತಪ್ಪಿ ಉಳಿದು ಬೀಜ ಉದುರಿಸುತ್ತೆ. ವರ್ಷ ವರ್ಷ ಹೀಗೇ ನಡೆದರೆ ಹೊಲದ ತುಂಬ ಅದೇ. ಅದಕ್ಕೆ ಬುದ್ಧಿ ಏನೂ ಇಲ್ಲ. ನಾವು ಕಿತ್ತ ರೀತಿಯೇ ಅದನ್ನು ಆರಿಸಿತು. ಮೆಲನೋಮಾದಲ್ಲೂ ಇದೇ ಆಗೋದು.

ಮಲೆನಾಡ ಮಳೆ ಅವರ ಪ್ರಶ್ನೆಗೆ: ಇಮ್ಯುನಿಟಿ ಅನ್ನೋದು ಟ್ಯಾಂಕಿನ ನೀರಲ್ಲ, ಕಮ್ಮಿ ಆಯ್ತು ಅಂತ ತುಂಬಿಸೋಕೆ. ಅಂಗ ಕಸಿ ಆಗಿ ಇಮ್ಯುನಿಟಿ ತಗ್ಗಿಸೋ ಮಾತ್ರೆ ತಗೊಳ್ಳೋರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚು, ಅದು ನಿಜ. ಆದರೆ ಹೆಚ್ಚಿನ ಮೆಲನೋಮಾ ರೋಗಿಗಳ ಇಮ್ಯುನಿಟಿ ಬೇರೆಲ್ಲದಕ್ಕೂ ಸರಿಯಾಗೇ ಕೆಲಸ ಮಾಡ್ತಿರುತ್ತೆ. ಸೋತಿರೋದು ಆ ಗಡ್ಡೆಯ ಮುಂದೆ ಮಾತ್ರ.

ನಾನಿರೋ ಗ್ಲಾಸ್ಗೋಗೇ ಸಂಬಂಧಿಸಿದ ಒಂದು ಘಟನೆ 2003ರಲ್ಲಿ ಇಲ್ಲಿನ ವೈದ್ಯರಿಂದಲೇ ವರದಿಯಾಗಿತ್ತು. ಒಬ್ಬರಿಗೆ ಮೆಲನೋಮಾ ತೆಗೆದು 16 ವರ್ಷ ಆಗಿತ್ತು, ಪೂರ್ತಿ ಗುಣ ಅಂತಲೇ ಎಲ್ಲರ ಲೆಕ್ಕ. ಅವರು ತೀರಿಕೊಂಡಾಗ ಎರಡೂ ಕಿಡ್ನಿ ದಾನ ಆದವು. ಪಡೆದ ಇಬ್ಬರಲ್ಲೂ ದಾನಿಯ ಮೆಲನೋಮಾ ಕಾಣಿಸಿಕೊಂಡಿತು. ಅಂದರೆ 16 ವರ್ಷ ಆ ಕೋಶಗಳು ದಾನಿಯ ಮೈಯಲ್ಲೇ ಇದ್ದವು, ಅವರ ಇಮ್ಯುನಿಟಿ ಅವುಗಳನ್ನು ತಲೆ ಎತ್ತೋಕೆ ಬಿಟ್ಟಿರಲಿಲ್ಲ. ಕಸಿಗೆಂದು ಇಮ್ಯುನಿಟಿ ತಗ್ಗಿಸಿದ್ದ ಇನ್ನೊಂದು ಮೈಗೆ ಹೋದ ಕೂಡಲೇ ಬೆಳೆದವು. ಕೊಲ್ಲೋದು, ಅದುಮಿಟ್ಟುಕೊಳ್ಳೋದು, ಕೈತಪ್ಪೋದು ಅಂತ ಮೂರು ಹಂತ ಹೇಳ್ತಾರೆ. ಆ ನಡುವಿನ ಹಂತ ಎಷ್ಟು ವರ್ಷ ಎಳೆಯಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಲ್ಯಾಬಿನಿಂದ ಈಗಷ್ಟೇ ಬಂದೆ. ಹೇಗೆ ತಪ್ಪಿಸಿಕೊಳ್ಳುತ್ತೆ ಅಂತ ನಾಳೆ ಬರೀತೀನಿ.

ಸ್ಲೈಡ್ ನೋಡಾಂವ · ಮಂಗಳವಾರ ಬೆಳಿಗ್ಗೆ 7:30

ತೆಂಗಿನಗರಿ ಅವ್ರ, ನಾ ಹುಬ್ಬಳ್ಳಿ ಕಡೆ ಪೆಥಾಲಜಿಸ್ಟ್ ಇದ್ದೀನ್ರಿ. ಬಯಾಪ್ಸಿ ಗಾಜಿನ ಪಟ್ಟಿ ನೋಡೂದೇ ನನ್ನ ಉದ್ಯೋಗ. ಕೋಶಕುತೂಹಲಿ ಹೇಳಿದ ಲಡಾಯಿ ನನಗ ಕಣ್ಣಿಗೇ ಕಾಣ್ತೈತಿ, ಅದನ್ನ ಹೇಳ್ತೀನಿ.

ಮೆಲನೋಮಾ ಸ್ಲೈಡ್‌ನಾಗ ಕಂದು ಬಣ್ಣ ಎಷ್ಟ್ ತುಂಬಿರ್ತೈತಿ ಅಂದ್ರ, ಒಮ್ಮೊಮ್ಮೆ ಬ್ಲೀಚ್ ಮಾಡಿದ ಮ್ಯಾಲೇ ಕೋಶ ಕಾಣಸ್ತಾವ. ಅದರ ಅಂಚಿನ್ಯಾಗ ಸಣ್ಣ ಸಣ್ಣ ನೀಲಿ ಗುಂಡು, ಸಾಸಿವಿ ಚೆಲ್ಲಿದ್ಹಂಗ. ಅವೇ ಲಿಂಫೋಸೈಟ್ ಅನ್ನೂ ಬಿಳಿ ರಕ್ತಕಣ, ಅದರಾಗ ಟಿ ಕೋಶ ಭಾಳ. ಕೆಲವ್ರ ಸ್ಲೈಡ್‌ನಾಗ ಸಾಸಿವಿ ಗಡ್ಡಿ ಒಳಗ ತನಕ ಹೊಕ್ಕಿರ್ತಾವ. ಕೆಲವ್ರದಾಗ ಸುತ್ತ ಬೇಲಿ ಹಾಕಿದಂಗ ಹೊರಗ ನಿಂತಿರ್ತಾವ, ಒಂದೂ ಒಳಗ ಹೋಗಿರೂದಿಲ್ಲ. ಇನ್ನ ಕೆಲವ್ರದಾಗ ಒಂದೂ ಇರೂದಿಲ್ಲ, ಗಡ್ಡಿ ತನ್ನ ಪಾಡಿಗೆ ತಾ ಬೆಳದಿರ್ತೈತಿ. ಮೂರೂ ಒಂದೇ ಹೆಸರಿನ ಕ್ಯಾನ್ಸರ್, ಆದ್ರ ತಪ್ಪಿಸಿಕೊಂಡ ದಾರಿ ಬ್ಯಾರೆ ಬ್ಯಾರೆ.

ಇನ್ನೊಂದು ಐತಿ. ಒಮ್ಮೊಮ್ಮೆ ಕಪ್ಪು ಮಚ್ಚಿ ನಡುವ ಬೆಳ್ಳಗ ಆಗಿರ್ತೈತಿ. ಮನಿಯವ್ರು ಕಡಿಮಿ ಆಗಾಕತ್ತೈತಿ ಅಂತ ಖುಷಿ ಪಡ್ತಾರ. ಆ ಬೆಳ್ಳಗಿನ ಜಾಗಾದಾಗ ಟಿ ಕೋಶ ಗೆದ್ದಿರ್ತಾವ, ಖರೆ. ಆದ್ರ ಬಾಜೂಕ ಸೋತಿರ್ತಾವ. ಮಚ್ಚಿ ಬಣ್ಣ ಬದಲಾದ್ರ ದಯವಿಟ್ಟು ತೋರಿಸ್ರಿ, ಕಾಯಬ್ಯಾಡ್ರಿ.

ಅಂಗಾಲು, ಅಂಗೈ, ಉಗುರಿನ ಕೆಳಗ ಬರೂದಕ್ಕ ಅಕ್ರಲ್ ಮೆಲನೋಮಾ ಅಂತೀವಿ. ನಮ್ಮ ದೇಶದಾಗ ಮೆಲನೋಮಾನೇ ಕಡಿಮಿ. ಬಂದವ್ರಾಗ ಈ ಅಂಗಾಲಿಂದು ಬಿಳಿ ಚರ್ಮದವ್ರಿಗಿಂತ ಭಾಳ ದೊಡ್ಡ ಪಾಲು. ಆಣಿ, ಗಾಯ, ಉಗುರು ಜಜ್ಜಿದ್ದು ಅಂತ ದಿನ ಹೋಗ್ತಾವ. ಹಾಡುಗಾರ ಬಾಬ್ ಮಾರ್ಲಿಗೂ ಕಾಲಬೆರಳಿನ ಉಗುರಿನ ಕೆಳಗ ಇದೇ ಬಂದಿತ್ತು. 1977ರಾಗ ಗೊತ್ತಾತು, 1981ರಾಗ ತೀರಿಕೊಂಡ್ರು, 36 ವಯಸ್ಸು.

ತೆಂಗಿನಗರಿ · ಮಂಗಳವಾರ ಮಧ್ಯಾಹ್ನ 1:20

ಸರ್, ನಿಮ್ಮ ಮಾತು ಓದಿ ರಿಪೋರ್ಟ್ ಮತ್ತೆ ತೆಗೆದು ನೋಡಿದೆ. ಲಿಂಫೋಸೈಟ್ ಇವೆ, ಆದರೆ ಚದುರಿದ ಹಾಗೆ, ಜೋರಾಗಿ ಇಲ್ಲ ಅನ್ನೋ ಅರ್ಥದ ಒಂದು ಸಾಲು ಇದೆ. ಇಷ್ಟು ದಿನ ಅದರ ಮೇಲೆ ಕಣ್ಣೇ ಹೋಗಿರಲಿಲ್ಲ.

ಕಳೆಯ ಕಥೆ ಅಪ್ಪನಿಗೆ ಹೇಳಿದೆ. "ಹಂಗಾದ್ರೆ ಅದು ಏನು ವೇಷ ಹಾಕ್ಕೊಂಡಿದೆ?" ಅಂದರು. ಅದನ್ನು ಹೇಳ್ತೀರಾ?

ಕೋಶಕುತೂಹಲಿ · ಮಂಗಳವಾರ ರಾತ್ರಿ 11:50

ವೇಷ ಒಂದಲ್ಲ, ಹಲವು. ನನಗೆ ಮುಖ್ಯ ಅನಿಸಿದ್ದನ್ನು ಬರೀತೀನಿ.

ತಿಪಟೂರಿನ ಕೊಬ್ಬರಿ ಮಾರ್ಕೆಟ್ ನೆನಪು ಮಾಡಿಕೊಳ್ಳಿ. ಚೀಲದಿಂದ ಒಂದೆರಡು ಉಂಡೆ ಕೊಬ್ಬರಿ ತೆಗೆದು ಮೇಲೆ ಇಟ್ಟಿರ್ತಾರೆ. ಕೊಳ್ಳೋನು ಅದನ್ನು ನೋಡಿ ಚೀಲದೊಳಗೆ ಏನಿದೆ ಅಂತ ತಿಳೀತಾನೆ. ನಮ್ಮ ಮೈಯ ಹೆಚ್ಚುಕಮ್ಮಿ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗ್ತಿರೋ ಪ್ರೋಟೀನುಗಳ ಚೂರುಗಳನ್ನು ಹೀಗೇ ಹೊರಗೆ ಇಟ್ಟು ತೋರಿಸ್ತಿರುತ್ತೆ. ಎಂಟು-ಹತ್ತು ಅಮೈನೋ ಆಮ್ಲಗಳ ಚೂರು, ಎಚ್‌ಎಲ್‌ಎ ಅನ್ನೋ ತಟ್ಟೆಯ ಮೇಲೆ. ಟಿ ಕೋಶ ಒಂದೊಂದೇ ತಟ್ಟೆಯನ್ನು ಮುಟ್ಟಿ ನೋಡ್ತಾ ಹೋಗುತ್ತೆ. ಕೆಟ್ಟ ಚೂರು ಕಂಡರೆ ಆ ಕೋಶಕ್ಕೆ ರಂಧ್ರ ಕೊರೆದು ಸಾಯಿಸುತ್ತೆ.

ಮೊದಲ ದಾರಿ, ತಟ್ಟೆಯನ್ನೇ ತೆಗೆದುಬಿಡೋದು. ಆ ತಟ್ಟೆ ನಿಲ್ಲೋಕೆ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಅನ್ನೋ ಪುಟ್ಟ ಪ್ರೋಟೀನು ಬೇಕೇ ಬೇಕು. ಅದರ ಜೀನ್ ಕೆಟ್ಟ ಕೋಶದ ಹೊರಗೆ ತೋರಿಸೋಕೆ ಏನೂ ಇರಲ್ಲ, ಟಿ ಕೋಶ ಪಕ್ಕದಲ್ಲೇ ಹಾದು ಹೋಗುತ್ತೆ. ತಟ್ಟೆ ಇಲ್ಲದ ಕೋಶವನ್ನೇ ಹುಡುಕಿ ಕೊಲ್ಲೋ ನ್ಯಾಚುರಲ್ ಕಿಲ್ಲರ್ ಕೋಶಗಳು ನಮ್ಮಲ್ಲಿವೆ. ಆದರೆ ಅವು ಹಿಡಿದುಕೊಳ್ಳೋ ಗುರುತಿನ ಪ್ರೋಟೀನುಗಳನ್ನೂ ಮೆಲನೋಮಾ ತನ್ನ ಮೈಮೇಲಿಂದ ಕತ್ತರಿಸಿ ಉದುರಿಸಿಬಿಡುತ್ತೆ.

ಎರಡನೇದು, ಮೆಲನೋಮಾಗೆ ವಿಶೇಷವಾದದ್ದು: ತನ್ನ ಕಸುಬನ್ನೇ ಮರೆಯೋದು. ಇದು ಹುಟ್ಟೋದು ಬಣ್ಣ ತಯಾರಿಸೋ ಮೆಲನೋಸೈಟ್ ಕೋಶದಿಂದ. ಟಿರೋಸಿನೇಸ್, ಮೆಲಾನ್-ಎ, ಜಿಪಿ100 ಅನ್ನೋ ಬಣ್ಣದ ಕೆಲಸದ ಪ್ರೋಟೀನುಗಳನ್ನೇ ನೋಡಿ ಟಿ ಕೋಶ ಗುರುತು ಹಿಡಿಯುತ್ತೆ. ಜರ್ಮನಿಯ ಬಾನ್ ನಗರದ ಸಂಶೋಧಕರು 2012ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದು: ಟಿ ಕೋಶಗಳ ದಾಳಿಯಿಂದ ಎದ್ದ ಉರಿಯೂತವೇ ಮೆಲನೋಮಾ ಕೋಶಗಳನ್ನು ಭ್ರೂಣದ ಕಾಲದ ಪೂರ್ವಜ ಕೋಶದಂಥ ಸ್ಥಿತಿಗೆ ಹಿಂದಕ್ಕೆ ತಳ್ಳಿತು. ಬಣ್ಣದ ಪ್ರೋಟೀನು ತಯಾರಾಗೋದು ನಿಂತಿತು, ಗುರುತು ಸಿಗಲಿಲ್ಲ. ಉರಿಯೂತ ಇಳಿದ ಮೇಲೆ ಮತ್ತೆ ಮೊದಲಿನ ಹಾಗಾದವು. ಇಲ್ಲಿ ಜೀನ್ ಕೆಟ್ಟಿಲ್ಲ, ಬರೀ ವೇಷ ಬದಲಾಗಿದೆ. ಅಪ್ಪ ಕೇಳಿದ್ದಕ್ಕೆ ನೇರ ಉತ್ತರ ಇದೇ ಅನ್ಸುತ್ತೆ.

ಮೂರನೇದೇ ಅಪ್ಪನ ಔಷಧಿಗೆ ಸಂಬಂಧಪಟ್ಟದ್ದು. ಟಿ ಕೋಶದ ಮೈಮೇಲೆ ಪಿಡಿ-1 ಅಂತ ಒಂದು ಬ್ರೇಕ್ ಇದೆ. ಅದು ಬೇಕು. ಇಲ್ಲದಿದ್ದರೆ ಒಂದು ಸೋಂಕು ವಾಸಿಯಾದ ಮೇಲೂ ಟಿ ಕೋಶ ನಿಲ್ಲದೆ ನಮ್ಮದೇ ಅಂಗಗಳನ್ನು ತಿನ್ನುತ್ತೆ. ಎದುರಿನ ಕೋಶ ಪಿಡಿ-ಎಲ್1 ಅನ್ನೋ ಪ್ರೋಟೀನು ಹಿಡಿದಿದ್ದರೆ ಆ ಬ್ರೇಕ್ ಒತ್ತಿದ ಹಾಗೆ. ಟಿ ಕೋಶ ಕೊಲ್ಲೋಕೆ ಬಂದಾಗ ಇಂಟರ್‌ಫೆರಾನ್ ಗಾಮಾ ಅನ್ನೋ ವಸ್ತು ಸುರಿಸುತ್ತೆ. ಅದೇ ವಸ್ತು ತಗುಲಿ ಮೆಲನೋಮಾ ಕೋಶ ಪಿಡಿ-ಎಲ್1 ಮೇಲಕ್ಕೆತ್ತುತ್ತೆ. ಹೊಡೆತ ಬಿದ್ದ ಕಡೆಯೇ ಗುರಾಣಿ ಏಳುತ್ತೆ. ಮೊದಲ ಸಲ ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಗುರಾಣಿ ಗಡ್ಡೆಯ ಹತ್ತಿರವೇ ಇರಬೇಕು ಅಂತಲೂ ಇಲ್ಲ. 2018ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ತೋರಿಸಿದರು: ಮೆಲನೋಮಾ ಕೋಶಗಳು ಎಕ್ಸೋಸೋಮ್ ಅನ್ನೋ ಅತಿಸಣ್ಣ ಗುಳ್ಳೆಗಳ ಮೈಗೆ ಪಿಡಿ-ಎಲ್1 ಹಚ್ಚಿ ರಕ್ತಕ್ಕೆ ಬಿಡ್ತವೆ. ಟಿ ಕೋಶ ಗಡ್ಡೆ ಮುಟ್ಟೋ ಮೊದಲೇ, ದೂರದಲ್ಲೇ, ಅದರ ಬ್ರೇಕ್ ಒತ್ತಿ ಆಗಿರುತ್ತೆ.

ಸ್ಲೈಡ್ ಸರ್ ಹೇಳಿದ, ಒಂದೂ ಸಾಸಿವೆ ಇಲ್ಲದ ಗಡ್ಡೆ ಇನ್ನೊಂದು ಥರ. ಶಿಕಾಗೋ ವಿಶ್ವವಿದ್ಯಾಲಯದವರು 2015ರಲ್ಲಿ ಕಂಡುಕೊಂಡ ಒಂದು ಕಾರಣ ಇದು: ಮೆಲನೋಮಾದೊಳಗೆ ಬೀಟಾ-ಕೆಟೆನಿನ್ ಅನ್ನೋ ಪ್ರೋಟೀನು ಸದಾ ಚಾಲೂ ಇದ್ದರೆ, ಟಿ ಕೋಶಗಳಿಗೆ ಸುದ್ದಿ ಮುಟ್ಟಿಸೋ ಡೆಂಡ್ರೈಟಿಕ್ ಕೋಶಗಳನ್ನು ಕರೆಯೋ ಸಂಕೇತವೇ ಹೊರಡಲ್ಲ. ಸುದ್ದಿಯೇ ಹೋಗದಿದ್ದರೆ ಸೈನ್ಯ ಎಲ್ಲಿಂದ ಬರಬೇಕು?

ಬ್ರಿಸ್ಬೇನ್ ಕನ್ನಡತಿ · ಬುಧವಾರ ಬೆಳಿಗ್ಗೆ 5:05

ನಾನಿರೋ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮೆಲನೋಮಾ ಜಗತ್ತಿನಲ್ಲೇ ಅತಿ ಹೆಚ್ಚು ಇರೋ ಕಡೆಗಳಲ್ಲಿ ಒಂದು. ಇಲ್ಲಿ ಶಾಲೆ ಮಕ್ಕಳು ಟೋಪಿ ಇಲ್ಲದೆ ಬಿಸಿಲಲ್ಲಿ ಆಡೋ ಹಾಗಿಲ್ಲ. ನಾನು ಕೆಲಸ ಮಾಡೋ ಕಡೆ ಮೂವರಿಗೆ ಆಗಿದೆ, ಮೂವರೂ ಬಿಳಿ ಚರ್ಮದವರು, ಬಿಸಿಲಿಂದ ಬಂದದ್ದು.

ಕೋಶಕುತೂಹಲಿ, ಒಂದು ಪ್ರಶ್ನೆ. ಬಿಸಿಲಿನ ಮೆಲನೋಮಾಗೆ ಇಮ್ಯುನೋಥೆರಪಿ ಚೆನ್ನಾಗಿ ಹಿಡಿಯುತ್ತೆ ಅಂತಾರೆ. ಅಂಗಾಲಿಗೆ ಬಿಸಿಲೇ ಬೀಳಲ್ಲ. ಹಾಗಾದರೆ ತೆಂಗಿನಗರಿ ಅವರ ಅಪ್ಪನಿಗೆ?

ಕೋಶಕುತೂಹಲಿ · ಬುಧವಾರ ಬೆಳಿಗ್ಗೆ 6:40

ಮರೆಮಾಚದೆ ಹೇಳ್ತೀನಿ. ನೇರಳಾತೀತ ಕಿರಣ ಬಿದ್ದ ಚರ್ಮದ ಡಿಎನ್‌ಎಯಲ್ಲಿ ತಪ್ಪುಗಳು ರಾಶಿ ಬೀಳ್ತವೆ. ತಪ್ಪು ಹೆಚ್ಚಾದಷ್ಟೂ ತಟ್ಟೆಯ ಮೇಲೆ ವಿಚಿತ್ರ ಚೂರು ಹೆಚ್ಚು, ಟಿ ಕೋಶಕ್ಕೆ ಗುರುತು ಸುಲಭ. ಬಿಸಿಲಿನ ಮೆಲನೋಮಾ ಇಮ್ಯುನೋಥೆರಪಿಗೆ ಬಗ್ಗೋದಕ್ಕೆ ಇದು ದೊಡ್ಡ ಕಾರಣ. ಅಂಗಾಲಿನದರಲ್ಲಿ ಅಂಥ ತಪ್ಪು ಕಮ್ಮಿ, ಹಾಗಾಗಿ ಈ ಔಷಧಿಗಳ ಫಲವೂ ಸರಾಸರಿ ಕಮ್ಮಿ. ಕಮ್ಮಿ ಅಂದೆ, ಇಲ್ಲ ಅನ್ನಲಿಲ್ಲ. ಅಂಗಾಲಿನ ಮೆಲನೋಮಾ ಕರಗಿ ವರ್ಷಗಟ್ಟಲೆ ಚೆನ್ನಾಗಿರೋರು ಇದ್ದಾರೆ.

2011ಕ್ಕೆ ಮೊದಲು ಮೆಲನೋಮಾ ಬೇರೆ ಅಂಗಕ್ಕೆ ಹರಡಿದ ಮೇಲೆ ಅರ್ಧದಷ್ಟು ಜನ ಒಂದು ವರ್ಷವೂ ಉಳೀತಿರಲಿಲ್ಲ. ಆ ವರ್ಷ ಇಪಿಲಿಮುಮ್ಯಾಬ್ ಅನ್ನೋ ಔಷಧಿ ಬಂತು. ಅಮೆರಿಕದ ಜೇಮ್ಸ್ ಆಲಿಸನ್ ಸಿಟಿಎಲ್‌ಎ-4 ಅನ್ನೋ ಇನ್ನೊಂದು ಬ್ರೇಕ್ ಸಡಿಲಿಸಿದರೆ ಗಡ್ಡೆ ಕರಗುತ್ತೆ ಅಂತ 1996ರಲ್ಲಿ ಇಲಿಗಳಲ್ಲಿ ತೋರಿಸಿದ್ದರ ಫಲ ಅದು. ಪಿಡಿ-1 ಸಿಕ್ಕಿದ್ದು 1992ರಲ್ಲಿ, ಜಪಾನಿನ ಕ್ಯೋಟೋದಲ್ಲಿ, ತಸುಕು ಹೊಂಜೋ ಅವರ ಪ್ರಯೋಗಾಲಯದಲ್ಲಿ. 2018ರ ನೊಬೆಲ್ ಇಬ್ಬರಿಗೂ ಬಂತು. ಎರಡೂ ಬ್ರೇಕ್ ಒಟ್ಟಿಗೆ ಬಿಡಿಸೋದನ್ನು ಒಂದೊಂದೇ ಬಿಡಿಸೋದರ ಜೊತೆ ಹೋಲಿಸಿದ, 945 ರೋಗಿಗಳ ದೊಡ್ಡ ಅಧ್ಯಯನದ ಹತ್ತು ವರ್ಷದ ಲೆಕ್ಕ 2024ರಲ್ಲಿ ಬಂದಿದೆ: ಎರಡು ಔಷಧಿ ಒಟ್ಟಿಗೆ ಪಡೆದವರಲ್ಲಿ 43%, ಪಿಡಿ-1 ಔಷಧಿ ಮಾತ್ರ ಪಡೆದವರಲ್ಲಿ 37%, ಇಪಿಲಿಮುಮ್ಯಾಬ್ ಮಾತ್ರ ಪಡೆದವರಲ್ಲಿ 19% ಜನ ಬದುಕಿದ್ದರು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ, 90ರ ವಯಸ್ಸಿನಲ್ಲಿ, ಮೆಲನೋಮಾ ಯಕೃತ್ತು, ಮೆದುಳಿಗೆ ಹರಡಿತ್ತು. ಪಿಡಿ-1 ಔಷಧಿ, ಜೊತೆಗೆ ರೇಡಿಯೇಷನ್. ನೂರು ತುಂಬಿಸಿ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಮಲೆನಾಡ ಮಳೆ · ಬುಧವಾರ ಬೆಳಿಗ್ಗೆ 9:12

ಬ್ರೇಕ್ ಬಿಡಿಸಿದರೆ ಮುಗೀತಲ್ಲ? ಮತ್ತೆ ಉಳಿದವರಲ್ಲಿ ಯಾಕೆ ಕೆಲಸ ಮಾಡಲ್ಲ?

ಕೋಶಕುತೂಹಲಿ · ಬುಧವಾರ ರಾತ್ರಿ 11:20

ಕಳೆ ಕೀಳೋದು ಜೋರಾದರೆ ಇನ್ನೂ ಜಾಸ್ತಿ ಹೋಲೋದೇ ಉಳಿಯೋದಲ್ವಾ, ಅದಕ್ಕೆ. 2016ರಲ್ಲಿ ಲಾಸ್ ಏಂಜಲೀಸ್‌ನಿಂದ ಬಂದ ವರದಿಯಲ್ಲಿ ನಾಲ್ವರ ಕಥೆ ಇದೆ. ಪಿಡಿ-1 ಔಷಧಿಗೆ ಚೆನ್ನಾಗಿ ಕರಗಿದ್ದ ಮೆಲನೋಮಾ ತಿಂಗಳುಗಟ್ಟಲೆ ಆದಮೇಲೆ ಮರಳಿತ್ತು. ಮೊದಲಿನ ಗಡ್ಡೆ, ಮರಳಿದ ಗಡ್ಡೆ ಎರಡರ ಜೀನ್‌ಗಳನ್ನೂ ಪಕ್ಕಪಕ್ಕ ಇಟ್ಟು ಓದಿದರು. ಒಬ್ಬರಲ್ಲಿ ಆ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಕೆಟ್ಟಿತ್ತು, ತಟ್ಟೆ ಇಲ್ಲ. ಇನ್ನಿಬ್ಬರಲ್ಲಿ ಜಾಕ್1, ಜಾಕ್2 ಅನ್ನೋ ಜೀನ್‌ಗಳು ಕೆಟ್ಟಿದ್ದವು. ಇಂಟರ್‌ಫೆರಾನ್ ಸುದ್ದಿ ಕೋಶದೊಳಗೆ ಹೋಗೋದೇ ಇವುಗಳ ಮೂಲಕ. ಟಿ ಕೋಶ ಎಷ್ಟು ಕೂಗಿದರೂ ಆ ಕೋಶಕ್ಕೆ ಕೇಳಿಸಲ್ಲ. ನಾಲ್ಕನೆಯವರಲ್ಲಿ ಕಾರಣ ಸಿಗಲಿಲ್ಲ.

ಎಲ್ಲ ದಾರಿಯನ್ನೂ ಮುಚ್ಚೋ ಪ್ರಯತ್ನ ನಡೀತಿದೆ, ಎಲ್ಲವೂ ಗೆದ್ದಿಲ್ಲ. ಗಡ್ಡೆ ಟಿ ಕೋಶದ ಸುತ್ತಲಿನ ಟ್ರಿಪ್ಟೋಫಾನ್ ಅನ್ನೋ ಅಮೈನೋ ಆಮ್ಲ ಕಬಳಿಸಿ ಅದನ್ನು ಸೊರಗಿಸುತ್ತೆ ಅಂತ, ಆ ಕೆಲಸ ಮಾಡೋ ಐಡಿಒ ಕಿಣ್ವವನ್ನು ತಡೆಯೋ ಔಷಧಿ ಮಾಡಿದ್ದರು. ಎಲ್ಲರಿಗೂ ಬಹಳ ಆಸೆ ಇತ್ತು. 2018ರ ದೊಡ್ಡ ಪರೀಕ್ಷೆಯಲ್ಲಿ ಪಿಡಿ-1 ಔಷಧಿಯೊಂದರಿಂದಲೇ ಆಗೋದಕ್ಕಿಂತ ಏನೂ ಹೆಚ್ಚು ಲಾಭ ಕಾಣಲಿಲ್ಲ. ಲ್ಯಾಗ್-3 ಅನ್ನೋ ಇನ್ನೊಂದು ಬ್ರೇಕಿನ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರೋಗಿಯ ಗಡ್ಡೆಯೊಳಗೆ ನುಗ್ಗಿದ್ದ ಟಿ ಕೋಶಗಳನ್ನೇ ಹೊರತೆಗೆದು, ಕೋಟಿಗಟ್ಟಲೆ ಬೆಳೆಸಿ, ವಾಪಸ್ ಕೊಡೋ ಚಿಕಿತ್ಸೆಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು.

ತೆಂಗಿನಗರಿ · ಗುರುವಾರ ರಾತ್ರಿ 9:33

ಇವತ್ತು ಮೊದಲ ಡೋಸ್ ಆಯಿತು. ಅರ್ಧ ಗಂಟೆ ಡ್ರಿಪ್, ಅಷ್ಟೇ. ಅಪ್ಪ "ಇಷ್ಟೇನಾ?" ಅಂದರು. ಬಿಲ್ ನೋಡಿ ನನ್ನ ಕೈ ನಡುಗಿತು. ಮೂರು ಡೋಸಿಗಾಗುವಷ್ಟು ಹೊಂದಿಸಿದ್ದೀವಿ, ಆಮೇಲೆ ತೋಟದ ಮಾತು. ಸರ್, ಕಮ್ಮಿ ಡೋಸಿನಲ್ಲೂ ಕೊಡ್ತಾರೆ ಅಂತ ಯಾರೋ ಹೇಳಿದರು, ನಿಜವಾ?

ಸ್ಲೈಡ್ ನೋಡಾಂವ · ಗುರುವಾರ ರಾತ್ರಿ 10:10

ಖರೆ ಐತ್ರಿ, ಆದ್ರ ಬ್ಯಾರೆ ಕ್ಯಾನ್ಸರಿಗೆ. ಮುಂಬೈ ಟಾಟಾ ಮೆಮೋರಿಯಲ್‌ನವ್ರು ಬಾಯಿ-ಗಂಟಲ ಕ್ಯಾನ್ಸರಿನ್ಯಾಗ ನಿವೋಲುಮ್ಯಾಬ್ ಅನ್ನೂ ಪಿಡಿ-1 ಔಷಧಿ ಬರೇ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ, ಬ್ಯಾರೆ ಮಾತ್ರಿ ಜೋಡಿ ಕೊಟ್ಟು ನೋಡಿದ್ರು. ವರ್ಷದ ಮ್ಯಾಲ ಬದುಕಿದ್ದವ್ರು 16% ಇದ್ದದ್ದು 43% ಆತು. ರೊಕ್ಕ ಇಲ್ಲದ ದೇಶದಾಗ ಇದು ಭಾಳ ದೊಡ್ಡ ಮಾತು. ಮೆಲನೋಮಾಕ್ಕ ಅದನ್ನ ಹಂಗ ತಂದು ಹಚ್ಚಾಕ ಬರೂದಿಲ್ಲ. ನಿಮ್ಮ ಡಾಕ್ಟರಿಗೆ ನಾಚದ ಕೇಳ್ರಿ: ಖರ್ಚು ಹಿಂಗೈತಿ, ಏನ್ ದಾರಿ ಐತಿ ಅಂತ. ಕಂಪನಿ ಕಡಿಂದ ರೋಗಿಗಳಿಗೆ ಸಹಾಯ ಯೋಜನೆ ಇರ್ತಾವ, ಆಸ್ಪತ್ರಿ ಸೋಶಿಯಲ್ ವರ್ಕರಿಗೆ ಗೊತ್ತಿರ್ತೈತಿ. ತೋಟ ಮಾರೂ ಮೊದಲ ಅವ್ರ ಹತ್ರ ಹೋಗ್ರಿ.

ನಿರ್ವಾಹಕ · ಗುರುವಾರ ರಾತ್ರಿ 10:45

ಎಲ್ಲರ ಗಮನಕ್ಕೆ: ಗುಣಪಡಿಸುವ ಬೇರು, ಪುಡಿ, ಫೋನ್ ನಂಬರ್ ಹಾಕಿದ್ದ ಎರಡು ಪೋಸ್ಟ್ ತೆಗೆದಿದ್ದೇವೆ.

ಬಿಳಿಕಲೆ · ಹನ್ನೊಂದು ವಾರದ ನಂತರ, ಶನಿವಾರ ಸಂಜೆ 6:20

ಹಳೇ ಚರ್ಚೆ ಹುಡುಕುತ್ತಾ ಬಂದೆ. ನನಗೆ ಹದಿನೈದನೇ ವಯಸ್ಸಿನಿಂದ ತೊನ್ನು ಇದೆ. ಊರಲ್ಲಿ ನನ್ನ ಕೈಯಿಂದ ನೀರು ತಗೊಳ್ಳೋಕೆ ಹಿಂಜರಿದವರನ್ನು ನೋಡಿದ್ದೀನಿ, ಇದು ಅಂಟೋದಲ್ಲ ಅಂತ ಎಷ್ಟು ಸಲ ಹೇಳಿದ್ದೀನೋ. ಚರ್ಮದ ಡಾಕ್ಟರು ಒಮ್ಮೆ "ನಿನ್ನ ಟಿ ಕೋಶಗಳು ಬಣ್ಣದ ಕೋಶಗಳನ್ನು ಕೊಲ್ತಿವೆ" ಅಂದಿದ್ದರು. ಮೇಲೆ ಬರೆದ ಟಿರೋಸಿನೇಸ್, ಮೆಲಾನ್-ಎ ಓದಿ ಗಕ್ಕನೆ ನಿಂತೆ. ಇದೂ ಅದೂ ಒಂದೇ ದಾಳಿನಾ?

ಕೋಶಕುತೂಹಲಿ · ಶನಿವಾರ ರಾತ್ರಿ 11:55

ಬಹಳ ಮಟ್ಟಿಗೆ ಹೌದು. ಮೆಲನೋಮಾ ಯಾವ ದಾಳಿಯಿಂದ ತಪ್ಪಿಸಿಕೊಳ್ಳುತ್ತೋ, ಅದೇ ದಾಳಿ ನಿಮ್ಮ ಚರ್ಮದಲ್ಲಿ ಆರೋಗ್ಯವಂತ ಬಣ್ಣದ ಕೋಶಗಳ ಮೇಲೆ ನಡೀತಿದೆ. ಪಿಡಿ-1 ಔಷಧಿ ತಗೊಂಡ ಕೆಲವು ಮೆಲನೋಮಾ ರೋಗಿಗಳಿಗೆ ತೊನ್ನಿನಂಥ ಬಿಳಿ ಕಲೆ ಬರುತ್ತೆ, ಅಂಥವರು ಸರಾಸರಿ ಹೆಚ್ಚು ಕಾಲ ಬದುಕ್ತಾರೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮ ಕೈ ನೀರು ಬೇಡ ಅಂದವರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ತೆಂಗಿನಗರಿ · ಭಾನುವಾರ ಬೆಳಿಗ್ಗೆ 8:15

ಎಲ್ಲರಿಗೂ ತಿಳಿಸಬೇಕಿತ್ತು, ತಡವಾಯ್ತು. ನಾಲ್ಕು ಡೋಸ್ ಆಗಿದೆ. ಸ್ಕ್ಯಾನಿನಲ್ಲಿ ಒಂದು ಚುಕ್ಕೆ ಚಿಕ್ಕದಾಗಿದೆ, ಇನ್ನೊಂದು ಇದ್ದ ಹಾಗೇ ಇದೆ. ಖರ್ಚಿಗೆ ಸಹಾಯ ಯೋಜನೆ ಸಿಕ್ಕಿದೆ, ಸ್ಲೈಡ್ ಸರ್‌ಗೆ ಕೈ ಮುಗೀತೀನಿ. ಬಿಳಿಕಲೆ ಅವರ ಪೋಸ್ಟ್ ಅಪ್ಪನಿಗೆ ಓದಿ ಹೇಳಿದೆ. ಆಗಿಂದ ದಿನಾ ಬೆಳಿಗ್ಗೆ ಕೈ ತಿರುಗಿಸಿ ತಿರುಗಿಸಿ ಬಿಳಿ ಕಲೆ ಹುಡುಕ್ತಿದ್ದಾರೆ.

ಎರಡು ವಾರದಿಂದ ಬಹಳ ಸುಸ್ತು. ಮಧ್ಯಾಹ್ನದ ಬಿಸಿಲಲ್ಲೂ ಚಳಿ ಅಂತ ಕಂಬಳಿ ಹೊದೀತಾರೆ. ಮಲಬದ್ಧತೆಯೂ ಇದೆ. ವಯಸ್ಸು ಅಂತ ಸುಮ್ಮನಿರಬಹುದಾ?

ಸ್ಲೈಡ್ ನೋಡಾಂವ · ಭಾನುವಾರ ಬೆಳಿಗ್ಗೆ 8:32

ಸುಮ್ನ ಇರಬ್ಯಾಡ್ರಿ. ಬ್ರೇಕ್ ಬಿಟ್ಟ ಟಿ ಕೋಶ ಥೈರಾಯ್ಡ್ ಗ್ರಂಥಿಗೂ ಹೊಡೀತಾವ, ಇದು ಆಗಾಗ ನೋಡೂದೇ. ನಾಳೆನೇ ಡಾಕ್ಟರಿಗೆ ಫೋನ್ ಹಚ್ಚಿ ಟಿಎಸ್‌ಎಚ್ ಪರೀಕ್ಷೆ ಕೇಳ್ರಿ, ಅವ್ರಿಗೆ ಬೇಕನಿಸಿದ್ರ ಕಾರ್ಟಿಸಾಲ್ ಅನ್ನೂ ಹಾರ್ಮೋನೂ ನೋಡ್ತಾರ. ಭೇದಿ, ಉಸಿರು ಕಟ್ಟೂದು, ಕಣ್ಣು ಹಳದಿ ಆಗೂದು ಕಂಡ್ರ ಅವತ್ತೇ ಆಸ್ಪತ್ರಿಗೆ ಹೋಗ್ರಿ.

ತೆಂಗಿನಗರಿ · ಬುಧವಾರ ರಾತ್ರಿ 9:50

ಥೈರಾಯ್ಡೇ ಅಂತೆ ಸರ್. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಶುರು ಮಾಡಿದ್ದಾರೆ. ಐದನೇ ಡೋಸ್ ನಿಲ್ಲಿಸಲ್ಲ, ಮುಂದಿನ ಗುರುವಾರ.